ಅಂಗಡಿ ಮುಚ್ಚುವವರ ಋಣ

ಅಂಗಡಿ ತೆರೆಯುವ ಸ್ವಾತಂತ್ರ್ಯವುಳ್ಳವನಿಗೆ ಅದನ್ನು ಮುಚ್ಚುವ ಸ್ವಾತಂತ್ರ್ಯವೂ ಉಂಟು. ಇದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಮುಚ್ಚುವ ಮುನ್ನ ಊರಿನವರ ಲೆಕ್ಕ ಚುಕ್ತಾ ಮಾಡಬೇಕೆಂಬುದು ನಮ್ಮ ತಿಪಟೂರು ಪೇಟೆಯ ಅತಿ ಸಣ್ಣ ಕಿರಾಣಿ ಅಂಗಡಿಯವನಿಗೂ ತಿಳಿದ ನಿಯಮ. ಗಣಕಯಂತ್ರಗಳನ್ನು ಮಾಡಿ ಮಾರಿದ ದೊಡ್ಡ ಕಂಪನಿಗಳಿಗೆ ಮಾತ್ರ ಈ ನಿಯಮವನ್ನು ಯಾರೂ ಹೇಳಿಕೊಟ್ಟಂತಿಲ್ಲ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಇಂದು ಬೆಂಗಳೂರಿನಲ್ಲಿ ಇಂಥ ಕಂಪನಿಗಳಲ್ಲೇ ಉದ್ಯೋಗದಲ್ಲಿರುವುದರಿಂದ ಈ ಮಾತನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕೆನಿಸಿದೆ.

2013ರಲ್ಲಿ ಬೆಂಗಳೂರಿನ ವಿಪ್ರೋ ಸಂಸ್ಥೆಯು ತನ್ನ ಹೆಸರಿನ ಡೆಸ್ಕ್‌ಟಾಪ್, ಲ್ಯಾಪ್‌ಟಾಪ್ ಮತ್ತು ಸರ್ವರುಗಳ ತಯಾರಿಕೆಯನ್ನು ನಿಲ್ಲಿಸುವುದಾಗಿ ಪ್ರಕಟಿಸಿತು. 1945ರಲ್ಲಿ ಮಹಾರಾಷ್ಟ್ರದ ಅಮಳನೇರಿನಲ್ಲಿ ವನಸ್ಪತಿ ಎಣ್ಣೆಯಿಂದ ಆರಂಭವಾದ ಕಂಪನಿಯದು. ಎಣ್ಣೆಯವರು ಗಣಕಯಂತ್ರಕ್ಕೆ ಕೈ ಹಾಕಿದರೆಂದು ಎಂಬತ್ತರ ದಶಕದಲ್ಲಿ ನಗೆಯಾಡಿದವರೂ ಇದ್ದರು. ಆದರೆ ಅವರು ಮೈಸೂರಿನಲ್ಲಿ ಕಾರ್ಖಾನೆ ಹೂಡಿ ಯಂತ್ರಗಳನ್ನು ಮಾಡಿ ತೋರಿಸಿದರು. ಮುಂದೆ ‘ಸೂಪರ್ ಜೀನಿಯಸ್’ ಎಂಬ ಹೆಸರಿನ ಅವರ ಪೆಟ್ಟಿಗೆಗಳು ಕಚೇರಿಗಳಲ್ಲಿಯೂ ಮನೆಗಳಲ್ಲಿಯೂ ಕುಳಿತವು. ಅದೇ 2013ರಲ್ಲಿ ಉತ್ತರ ಭಾರತದ ಎಚ್‌ಸಿಎಲ್ ಕೂಡ ಈ ವ್ಯಾಪಾರದಿಂದ ಹಿಂದೆ ಸರಿಯಿತು. ಒಂದೇ ವರ್ಷದಲ್ಲಿ ಎರಡು ಸ್ವದೇಶೀ ಹೆಸರುಗಳು ಅಳಿಸಿಹೋದವು. ಪತ್ರಿಕೆಗಳ ವಾಣಿಜ್ಯ ಪುಟದಲ್ಲಿ ಅದು ಲಾಭಾಂಶದ ಸುದ್ದಿಯಾಯಿತೇ ಹೊರತು ದುಃಖದ ಸುದ್ದಿಯಾಗಲಿಲ್ಲ.

ಈ ಸ್ವದೇಶೀ ಕಂಪನಿಗಳಿಗೆ ಬಾಗಿಲು ತೆರೆದುದೇ ಇನ್ನೊಬ್ಬರ ನಿರ್ಗಮನ ಎಂಬುದನ್ನು ನೆನಪಿಸಿಕೊಳ್ಳಬೇಕು. ಜನತಾ ಸರ್ಕಾರದ ಕಾಲದಲ್ಲಿ, ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ಕೈಗಾರಿಕಾ ಸಚಿವರಾಗಿದ್ದಾಗ, ವಿದೇಶೀ ವಿನಿಮಯ ಕಾಯಿದೆಯ ಪ್ರಕಾರ ಭಾರತದ ಘಟಕದಲ್ಲಿ ತನ್ನ ಪಾಲನ್ನು ಶೇ. 40ಕ್ಕೆ ಇಳಿಸಿಕೊಳ್ಳಲೊಪ್ಪದ ಐಬಿಎಂ ಕಂಪನಿಯು 1978ರಲ್ಲಿ ಈ ದೇಶವನ್ನು ಬಿಟ್ಟಿತು. ಹೊರದೇಶಗಳಲ್ಲಿ ಹಳತಾದ 1401 ಯಂತ್ರಗಳನ್ನು ತಂದು ಇಲ್ಲಿ ಬಾಡಿಗೆಗೆ ಕೊಡುತ್ತಿದ್ದವರು ಅವರು. ಅವರ ಬಗ್ಗೆ ನನಗೆ ಕಣ್ಣೀರಿಲ್ಲ. ಆದರೆ ಅವರು ಹೊರಟಾಗ ನಮ್ಮ ಸರ್ಕಾರ ಏನು ಮಾಡಿತು? ಸಿಎಂಸಿ ಎಂಬ ಸರ್ಕಾರೀ ಸಂಸ್ಥೆಯು ಐಬಿಎಂ ಬಿಟ್ಟುಹೋದ ಯಂತ್ರಗಳ ನಿರ್ವಹಣೆಯ ಹೊಣೆಯನ್ನು ಹೊತ್ತಿತು. ನಡೆಯುತ್ತಿದ್ದ ಯಂತ್ರ ನಡೆಯುತ್ತಲೇ ಇರಬೇಕು, ಹೋದವರು ಹೋಗಲಿ ಎಂಬುದು ಆಗಿನ ವಿವೇಕ. 2001ರಲ್ಲಿ ಆ ಸಿಎಂಸಿಯನ್ನೇ ಟಾಟಾದವರಿಗೆ ಮಾರಲಾಯಿತು. 2015ರಲ್ಲಿ ಅದು ಟಿಸಿಎಸ್‌ನಲ್ಲಿ ಕರಗಿತು. ಬಿಟ್ಟುಹೋದವರ ಯಂತ್ರಗಳಿಗೆ ದಿಕ್ಕು ಯಾರು ಎಂದು ಕೇಳಿದರೆ ಇಂದು ಉತ್ತರಿಸುವ ಕಚೇರಿಯೇ ಇಲ್ಲ.

ಇದರ ಪರಿಣಾಮ ಬೀಳುವುದು ಎಲ್ಲಿ? ಬೆಂಗಳೂರಿನ ಗಾಜಿನ ಕಟ್ಟಡಗಳ ಮೇಲಲ್ಲ. ಅವರು ಮೂರು ವರ್ಷಕ್ಕೊಮ್ಮೆ ಯಂತ್ರ ಬದಲಾಯಿಸುತ್ತಾರೆ. ಬೀಳುವುದು ಸರ್ಕಾರೀ ಶಾಲೆಯ ಮೇಲೆ, ಗ್ರಂಥಾಲಯದ ಮೇಲೆ. ಕೇಂದ್ರ ಸರ್ಕಾರ 2004ರ ಡಿಸೆಂಬರಿನಲ್ಲಿ ಶಾಲೆಗಳಿಗೆ ಗಣಕ ಶಿಕ್ಷಣದ ಯೋಜನೆ ತಂದಿತು. ಕಂಪನಿಯೇ ಪ್ರಯೋಗಾಲಯ ಕಟ್ಟಿ, ನಡೆಸಿ, ಅವಧಿ ಮುಗಿದ ಮೇಲೆ ಶಾಲೆಗೆ ಒಪ್ಪಿಸಿ ಹೋಗುವ ಗುತ್ತಿಗೆಗಳು ನಮ್ಮ ರಾಜ್ಯದಲ್ಲಿಯೂ ನಡೆದವು. ನಾನು ಕೆಲಸ ಮಾಡಿದ ಒಂದು ಪ್ರೌಢಶಾಲೆಯಲ್ಲಿ ಹಾಗೆ ಬಂದ ಯಂತ್ರಗಳಿದ್ದವು. ಪೂರೈಸಿದವರ ಹೆಸರನ್ನು ಬರೆಯುವುದಿಲ್ಲ; ಈ ಲೇಖನದಲ್ಲಿ ಹೆಸರಿಸಿದ ಯಾರೂ ಅವರಲ್ಲ. ಗುತ್ತಿಗೆ ಮುಗಿದ ತಿಂಗಳೇ ಬೋಧಕ ಹುಡುಗ ಬರುವುದು ನಿಂತಿತು. ಪವರ್ ಸಪ್ಲೈ ಸುಟ್ಟಿತು. ಅಳತೆಗೆ ಸರಿಹೊಂದುವ ಇನ್ನೊಂದು ಸಿಗಲಿಲ್ಲ. ಒಂದರ ಹೊಟ್ಟೆ ಬಗೆದು ಇನ್ನೊಂದಕ್ಕೆ ಜೀವ ಕೊಟ್ಟೆವು, ಅದರದನ್ನು ಮತ್ತೊಂದಕ್ಕೆ. ಕಡೆಗೆ ಎಲ್ಲಕ್ಕೂ ಬಟ್ಟೆಯ ಮುಸುಕು ಹೊದಿಸಿ, ಆ ಕೊಠಡಿಯಲ್ಲಿ ಬಿಸಿಯೂಟದ ಅಕ್ಕಿ ಮೂಟೆಗಳನ್ನು ಒಟ್ಟಿದೆವು. ದಾಸ್ತಾನು ಪುಸ್ತಕದಲ್ಲಿ ಆ ಯಂತ್ರಗಳು ಇನ್ನೂ ಜೀವಂತವಾಗಿದ್ದವು, ಏಕೆಂದರೆ ಸರ್ಕಾರೀ ವಸ್ತುವನ್ನು ವಿಲೇವಾರಿ ಮಾಡುವುದು ಕೊಳ್ಳುವುದಕ್ಕಿಂತ ಕಷ್ಟ. ಅದೇ ವರ್ಷ ಎಸ್ಸೆಸ್ಸೆಲ್ಸಿ ಮುಗಿಸಿದ ಮಕ್ಕಳು ‘ಇಲಿ’ ಹಿಡಿಯಲು ಕಲಿಯದೆಯೇ ಹೊರಟರು.

ಈ ವಾದವನ್ನು ಒಪ್ಪದ ಒಬ್ಬ ಹಳೆಯ ವಿದ್ಯಾರ್ಥಿ ಈಚೆಗೆ ಮದುವೆಯ ಮನೆಯೊಂದರಲ್ಲಿ ಹೇಳಿದ: “ಮೇಷ್ಟ್ರೇ, ಪೆಟ್ಟಿಗೆ ಜೋಡಿಸುವುದರಲ್ಲಿ ಲಾಭವೇ ಇಲ್ಲ. ಬಿಡಿಭಾಗಗಳೆಲ್ಲ ಹೊರಗಿನವು. ನಷ್ಟದ ಬಾಬ್ತನ್ನು ಯಾರಾದರೂ ಎಷ್ಟು ದಿನ ಹೊರುತ್ತಾರೆ?” ಬುದ್ಧಿವಂತ ಹುಡುಗ, ಗಣಿತದಲ್ಲಿ ಮುಂದಿದ್ದವನು. ಅವನ ಲೆಕ್ಕ ಸರಿಯಾಗಿಯೇ ಇದೆ, ಆದರೆ ಅರ್ಧ ಮಾತ್ರ. ಅದೇ ಲೆಕ್ಕದಿಂದ ನಮ್ಮ ರೈತ 2023ರಲ್ಲಿ ತೋಟ ಕಡಿಯಬೇಕಾಗಿತ್ತು. ಆ ವರ್ಷ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ ಇದ್ದರೆ ತಿಪಟೂರು ಮಾರುಕಟ್ಟೆಯಲ್ಲಿ ದರ ಅದಕ್ಕಿಂತ ಸಾವಿರಾರು ರೂಪಾಯಿ ಕೆಳಗಿತ್ತು. ತುರುವೇಕೆರೆಯವರಾಗಲಿ ಚಿಕ್ಕನಾಯಕನಹಳ್ಳಿಯವರಾಗಲಿ ತೆಂಗಿನಿಂದ ‘ನಿರ್ಗಮಿಸಲಿಲ್ಲ’. ಕಾಯನ್ನು ಅಟ್ಟಕ್ಕೆ ಏರಿಸಿ ತಿಂಗಳುಗಟ್ಟಲೆ ಕಾಯುವ ಜನ ನಾವು. 2025ರಲ್ಲಿ ದರ ದಾಖಲೆ ಏರಿತು. ತಾಳಿದವನಿಗೆ ಸದಾ ಹೀಗಾಗುತ್ತದೆಂದು ನಾನು ಹೇಳಲಾರೆ. ನುಸಿಪೀಡೆಯಲ್ಲಿ ಮುಳುಗಿದವರನ್ನೂ ಕಂಡಿದ್ದೇನೆ. ಮೂರು ತಿಂಗಳ ವರದಿಯನ್ನು ನೋಡಿ ಮೂವತ್ತು ವರ್ಷದ ಕಸುಬನ್ನು ಅಳೆಯಬಾರದು ಎನ್ನುವುದಷ್ಟೇ ನನ್ನ ತಕರಾರು.

ಹೊರಗಿನ ಪ್ರಪಂಚದಲ್ಲಿಯೂ ಇಂಥ ಅವಸರದ ಕಥೆಗಳಿವೆ. ಅಮೆರಿಕದ ಎಚ್‌ಪಿ ಕಂಪನಿ 2011ರ ಜುಲೈ 1ರಂದು ಟಚ್‌ಪ್ಯಾಡ್ ಎಂಬ ಟ್ಯಾಬ್ಲೆಟನ್ನು ಮಾರಾಟಕ್ಕೆ ತಂದಿತು. ಆಗಸ್ಟ್ 18ರಂದು ಅದನ್ನು ನಿಲ್ಲಿಸುವುದಾಗಿಯೂ, ಇಡೀ ಪರ್ಸನಲ್ ಕಂಪ್ಯೂಟರ್ ವಿಭಾಗವನ್ನೇ ಬೇರ್ಪಡಿಸುವ ಆಲೋಚನೆಯಿರುವುದಾಗಿಯೂ ಸಾರಿತು. ಏಳು ವಾರ! ನಮ್ಮಲ್ಲಿ ಹುರುಳಿ ಬೆಳೆಯುವುದಕ್ಕೂ ಅದಕ್ಕಿಂತ ಹೆಚ್ಚು ಕಾಲ ಬೇಕು. ಉಳಿದ ಟ್ಯಾಬ್ಲೆಟುಗಳನ್ನು 99 ಡಾಲರಿಗೆ ಸುರಿದರು. ಮುಖ್ಯಸ್ಥರು ಬದಲಾದರು, ಅಕ್ಟೋಬರಿನಲ್ಲಿ ಪಿಸಿ ವಿಭಾಗ ಉಳಿಯುತ್ತದೆ ಎಂದರು. ಟ್ಯಾಬ್ಲೆಟ್ ಕೊಂಡವನು ಮಾತ್ರ ಕೊಂಡವನಾಗಿಯೇ ಉಳಿದ. ಐಬಿಎಂ 2005ರಲ್ಲಿ ತನ್ನ ಪಿಸಿ ವ್ಯಾಪಾರವನ್ನು ಚೀನಾದ ಲೆನೊವೊಗೆ ಒಪ್ಪಿಸಿದ ರೀತಿ ಬೇರೆ. ಥಿಂಕ್‌ಪ್ಯಾಡ್ ಇಂದಿಗೂ ಅದೇ ಹೆಸರಿನಲ್ಲಿ ಬರುತ್ತಿದೆ. ಮಗಳನ್ನು ಒಳ್ಳೆಯ ಮನೆಗೆ ಕೊಟ್ಟು ಹೋಗುವುದಕ್ಕೂ ಸಂತೆಯಲ್ಲಿ ಬಿಟ್ಟು ಹೋಗುವುದಕ್ಕೂ ಇರುವ ವ್ಯತ್ಯಾಸ ಇದು.

ನಮ್ಮದೇ ಸಿಂಪ್ಯೂಟರನ್ನು ಮರೆಯುವಂತಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಕಂಪನಿಯವರೂ ಸೇರಿ ರೂಪಿಸಿ 2001ರಲ್ಲಿ ತೋರಿಸಿದ ಅಂಗೈ ಗಣಕ ಅದು. ಓದುಬಾರದವನೂ ಬಳಸಲೆಂದು ಭಾರತೀಯ ಭಾಷೆಗಳಲ್ಲಿ ಮಾತನಾಡುವ ವ್ಯವಸ್ಥೆ. ಇಡೀ ಹಳ್ಳಿ ಒಂದೇ ಯಂತ್ರವನ್ನು ಹಂಚಿಕೊಳ್ಳಲೆಂದು ಪ್ರತಿಯೊಬ್ಬರಿಗೂ ಸ್ಮಾರ್ಟ್ ಕಾರ್ಡು. 2004ರಲ್ಲಿ ಬಿಇಎಲ್ ಅದನ್ನು ತಯಾರಿಸಿ ಮಾರುಕಟ್ಟೆಗೆ ತಂದಿತು. ಐಪ್ಯಾಡ್ ಬರಲು ಇನ್ನೂ ಆರು ವರ್ಷವಿತ್ತು. ಕೆಲವೇ ಸಾವಿರ ಮಾರಾಟವಾಗಿ ಅದು ಸದ್ದಿಲ್ಲದೆ ಮರೆಯಾಯಿತು. ಹೊಗಳಿದ ಸರ್ಕಾರಗಳು ಕೊಳ್ಳಲು ಮುಂದಾಗಲಿಲ್ಲ. ಆದರೂ ಅದನ್ನು ರೂಪಿಸಿದವರು ಯಂತ್ರದ ವಿನ್ಯಾಸವನ್ನು ಗುಟ್ಟಾಗಿಡದೆ ಇತರರಿಗೆ ಸಿಗುವಂತೆ ಪರವಾನಗಿ ಬರೆದಿಟ್ಟಿದ್ದರು. ನಾನು ಕೇಳುತ್ತಿರುವ ಚುಕ್ತಾ ಇದೇ: ಹೋಗುವವರು ನಕ್ಷೆಯನ್ನಾದರೂ ಬಿಟ್ಟು ಹೋಗಲಿ.

ಇದು ಮುದುಕನ ಗೊಣಗಾಟವೆಂದು ತಳ್ಳಿಹಾಕುವವರಿಗೆ ಒಂದು ಮಾಹಿತಿ. ಯೂರೋಪಿನ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಜಾರಿಗೆ ಬಂದ ನಿಯಮದಂತೆ ಮೊಬೈಲ್ ಮತ್ತು ಟ್ಯಾಬ್ಲೆಟ್ ತಯಾರಕರು ಮಾರಾಟ ನಿಲ್ಲಿಸಿದ ಮೇಲೂ 7 ವರ್ಷ ಮುಖ್ಯ ಬಿಡಿಭಾಗಗಳನ್ನು ಒದಗಿಸಬೇಕು, 5 ವರ್ಷ ತಂತ್ರಾಂಶವನ್ನು ಪರಿಷ್ಕರಿಸಬೇಕು. ನಮ್ಮಲ್ಲಿ 2022ರಲ್ಲಿ ‘ದುರಸ್ತಿಯ ಹಕ್ಕು’ ಎಂಬ ಜಾಲತಾಣವೊಂದನ್ನು ತೆರೆಯಲಾಯಿತು. ಕಂಪನಿಗಳು ಇಚ್ಛೆಯಿದ್ದರೆ ಅಲ್ಲಿ ಮಾಹಿತಿ ಹಾಕಬಹುದು. ಇಚ್ಛೆಯಿದ್ದರೆ! 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ವಿಂಡೋಸ್ 10ರ ಸಾಮಾನ್ಯ ಪೋಷಣೆಯನ್ನು ನಿಲ್ಲಿಸಿದಾಗ, ಹನ್ನೊಂದಕ್ಕೆ ಏರಲಾರದ ಯಂತ್ರಗಳೆಲ್ಲ ಚೆನ್ನಾಗಿ ನಡೆಯುತ್ತಿದ್ದರೂ ಒಂದೇ ದಿನದಲ್ಲಿ ಹಳತಾದವು. ನಮ್ಮ ಶಾಲೆಗಳಲ್ಲಿರುವುದು ಹೆಚ್ಚಾಗಿ ಅಂಥವೇ.

ಶ್ರೀ ಅಜೀಂ ಪ್ರೇಮ್‌ಜಿಯವರ ಪ್ರತಿಷ್ಠಾನವು 2024ರಿಂದ ನಮ್ಮ ಸರ್ಕಾರೀ ಶಾಲೆಗಳ ಮಕ್ಕಳಿಗೆ ವಾರದ ಉಳಿದ ನಾಲ್ಕು ದಿನವೂ ಮೊಟ್ಟೆ ಸಿಗುವಂತೆ ಮಾಡಿದೆ. ಅದನ್ನು ಕೃತಜ್ಞತೆಯಿಂದಲೇ ನೆನೆಯುತ್ತೇನೆ. ಆದರೆ ದಾನ ಬೇರೆ, ಋಣ ಬೇರೆ. ದಾನ ಕೊಡುವವನ ಇಚ್ಛೆ. ಋಣವನ್ನು ಕೊಟ್ಟವನು ಕೇಳಬಹುದು.

ಆದುದರಿಂದ ಸರ್ಕಾರೀ ಇಲಾಖೆಗಳಲ್ಲಿರುವ ನನ್ನ ವಿದ್ಯಾರ್ಥಿಗಳನ್ನು ಹೆಸರು ಹಿಡಿಯದೆ ಕೇಳುತ್ತೇನೆ. ಮುಂದಿನ ಬಾರಿ ನಿಮ್ಮ ಮೇಜಿಗೆ ಗಣಕಗಳ ಟೆಂಡರ್ ಕಡತ ಬಂದಾಗ ಬೆಲೆಯ ಕಾಲಂನ ಪಕ್ಕದಲ್ಲಿ ಇನ್ನೊಂದು ಕಾಲಂ ಎಳೆಯಿರಿ: ಈ ಕಂಪನಿ ಈ ವ್ಯಾಪಾರವನ್ನು ಬಿಟ್ಟರೆ ಬಿಡಿಭಾಗ ಎಷ್ಟು ವರ್ಷ ಸಿಗುತ್ತದೆ, ಯಾರ ಬಳಿ? ಅದಕ್ಕೆ ಉತ್ತರ ಬರೆಯದ ಅರ್ಜಿಯನ್ನು ತಿರಸ್ಕರಿಸಿ. ಕಂಪನಿಗಳಲ್ಲಿರುವವರು ಆ ಕಾಲಂ ತುಂಬಲು ಈಗಿನಿಂದಲೇ ತಯಾರಾಗಿ.