ರಾಜಧಾನಿ ನಮ್ಮನ್ನು ಸಾಕುತ್ತಿದೆಯೇ?

ಪ್ರತಿ ಬಾರಿ ರಾಜ್ಯ ಬಜೆಟ್ ಮಂಡನೆಯಾದಾಗಲೂ ಒಂದು ಮಾತು ಹಳೆಯ ರಾಗದಂತೆ ಕೇಳಿ ಬರುತ್ತದೆ: ಬೆಂಗಳೂರು ದುಡಿಯುತ್ತದೆ, ಉಳಿದ ಕರ್ನಾಟಕ ಕೂತು ಉಣ್ಣುತ್ತದೆ. ಹೀಗೆ ಹೇಳುವವರ ಕೈಯಲ್ಲಿ ಅಂಕಿ-ಅಂಶಗಳೂ ಇರುತ್ತವೆ. ರಾಜ್ಯದ ಒಟ್ಟು ಆಂತರಿಕ ಉತ್ಪನ್ನದಲ್ಲಿ ಮೂರನೇ ಒಂದಕ್ಕಿಂತ ಹೆಚ್ಚಿನ ಪಾಲು ಬೆಂಗಳೂರು ನಗರ ಜಿಲ್ಲೆಯೊಂದರದ್ದೇ. 2023-24ರಲ್ಲಿ ಆ ಜಿಲ್ಲೆಯ ತಲಾ ಆದಾಯ ಏಳು ಲಕ್ಷ ರೂಪಾಯಿಯನ್ನು ದಾಟಿದ್ದರೆ, ಕಲಬುರಗಿಯದ್ದು ಒಂದೂವರೆ ಲಕ್ಷದ ಆಸುಪಾಸಿನಲ್ಲಿತ್ತು. ಈ ಅಂಕಿಗಳನ್ನು ನಾವು ಅಲ್ಲಗಳೆಯುವುದಿಲ್ಲ. ನಮ್ಮ ಪ್ರಶ್ನೆ ಬೇರೆಯೇ ಇದೆ. ಸಂಪತ್ತು ಎಲ್ಲಿ ದಾಖಲಾಗುತ್ತದೋ ಅಲ್ಲಿಯೇ ಅದು ಹುಟ್ಟಿತೆಂದು ಹೇಳುವುದು ಎಷ್ಟು ಸರಿ?

ಕಡಬ ತಾಲೂಕಿನ ಕೋಡಿಂಬಾಳದಲ್ಲಿ ನಿಂತು ನೋಡಿದರೆ ಈ ಲೆಕ್ಕ ತಲೆಕೆಳಗಾಗಿ ಕಾಣುತ್ತದೆ. ಮಂಗಳೂರು-ಹಾಸನ ರೈಲು ಮಾರ್ಗದ ಪುಟ್ಟ ನಿಲ್ದಾಣವದು. 1979ರಲ್ಲಿ ಪೂರ್ಣಗೊಂಡ ಈ ಮಾರ್ಗದ ಘಾಟಿ ಭಾಗದಲ್ಲಿ ಹಳಿ ಅಗಲಗೊಳಿಸುವ ಸಲುವಾಗಿ 1996ರಲ್ಲಿ ಸಂಚಾರ ನಿಂತಿತು. ಮತ್ತೆ ಪ್ರಯಾಣಿಕರ ರೈಲು ಘಾಟಿ ಹತ್ತಿದ್ದು 2007ರ ಡಿಸೆಂಬರ್‌ನಲ್ಲಿ. ಒಂದು ಪ್ರದೇಶವನ್ನು ಹನ್ನೊಂದು ವರ್ಷ ಕಾಯಿಸಲು ಸಾಧ್ಯವಾದುದು ಅದು ರಾಜಧಾನಿಯಲ್ಲ ಎಂಬ ಕಾರಣಕ್ಕಲ್ಲವೇ? ಇಂದು ಕಬಕ ಪುತ್ತೂರಿನಲ್ಲೋ ಸುಬ್ರಹ್ಮಣ್ಯ ರೋಡ್‌ನಲ್ಲೋ ರಾತ್ರಿ ರೈಲು ಹತ್ತುವವರನ್ನು ನೋಡಿ. ಬೇಕರಿಯ ಒಲೆಯ ಮುಂದೆ ನಿಲ್ಲುವ ಹುಡುಗ, ಜ್ಯೂಸ್ ಅಂಗಡಿ ನಡೆಸುವ ಯುವಕ, ಆಸ್ಪತ್ರೆಯ ದಾದಿ, ಸಾಫ್ಟ್‌ವೇರ್ ಕಂಪೆನಿಯ ಇಂಜಿನಿಯರ್. ಇವರನ್ನು ಇಪ್ಪತ್ತು ವರ್ಷ ಉಣಿಸಿ, ಉಡಿಸಿ, ಓದಿಸಿದ್ದು ಅಡಿಕೆ ಮತ್ತು ರಬ್ಬರಿನ ಆದಾಯ, ತಂದೆಯ ದಿನಗೂಲಿ, ತಾಯಿ ಸುತ್ತಿದ ಬೀಡಿ. ಆ ಖರ್ಚು ಯಾವ ಖಾತೆಯಲ್ಲೂ ಬೆಂಗಳೂರಿನ ಸಾಲವಾಗಿ ದಾಖಲಾಗುವುದಿಲ್ಲ. ಅವರು ದುಡಿಯತೊಡಗಿದ ದಿನದಿಂದ ಮಾತ್ರ ಅವರ ದುಡಿಮೆ ಬೆಂಗಳೂರಿನ ಸಾಧನೆಯಾಗಿ ಬಿಡುತ್ತದೆ!

ಅಷ್ಟಕ್ಕೂ, ಬೆಂಗಳೂರು ತನ್ನಷ್ಟಕ್ಕೆ ತಾನೇ ಬೆಳೆದ ನಗರವಲ್ಲ. ಎಚ್‌ಎಎಲ್ (1940), ಐಟಿಐ (1948), ಎಚ್‌ಎಂಟಿ (1953), ಬಿಇಎಲ್ (1954) ಮುಂತಾದ ಕಾರ್ಖಾನೆಗಳು ಅಲ್ಲಿ ಬೆಳೆದುದು ಬಹುಪಾಲು ಸಾರ್ವಜನಿಕರ ಹಣದಿಂದ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಅಲ್ಲಿಗೆ ಬರುವ ಹೊತ್ತಿಗೆ ಈ ಕಾರ್ಖಾನೆಗಳೂ ವಿಜ್ಞಾನ ಸಂಸ್ಥೆಗಳೂ ತರಬೇತುಗೊಳಿಸಿದ ಒಂದು ತಲೆಮಾರು ಸಿದ್ಧವಾಗಿತ್ತು. ವಿದ್ಯುತ್ತಿಗಾಗಿ ಶರಾವತಿಗೆ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಕಟ್ಟಲಾಯಿತು. ಮುಳುಗಿದ್ದು ಮಲೆನಾಡಿನ ಊರುಗಳು. ಬೆಳಗಿದ್ದು ನಗರದ ಬೀದಿಗಳು. ಆ ಸಂತ್ರಸ್ತರು ತಮ್ಮ ಭೂಮಿಯ ಹಕ್ಕುಪತ್ರಕ್ಕಾಗಿ ದಶಕಗಳ ಕಾಲ ಕಚೇರಿಗಳಿಗೆ ಅಲೆದರು. ಅವರು ಕೂತು ಉಂಡವರೇ?

ಹಣದ ಕತೆಯೂ ಇದೇ. ಆಧುನಿಕ ಬ್ಯಾಂಕಿಂಗಿನ ತವರುಗಳಲ್ಲಿ ಕರಾವಳಿಯೂ ಒಂದು. 1906ರಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮುಂದಾಳುತನದಲ್ಲಿ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್ ಹುಟ್ಟಿತು. ಅದೇ ವರ್ಷ ಅಮ್ಮೆಂಬಳ ಸುಬ್ಬರಾವ್ ಪೈಯವರು ಮಂಗಳೂರಿನಲ್ಲಿ ಕೆನರಾ ಬ್ಯಾಂಕನ್ನು ಆರಂಭಿಸಿದರು. ಮುಸ್ಲಿಮ್ ವರ್ತಕನೂ ಹಿಂದೂ ವಕೀಲನೂ ತಮ್ಮ ನೆಲದ ಉಳಿತಾಯ ತಮ್ಮ ನೆಲದ ಏಳಿಗೆಗೆ ಒದಗಲೆಂದು ಬಯಸಿದ ಕಾಲವದು. ಇಂದು ಕೆನರಾ ಬ್ಯಾಂಕಿನ ಪ್ರಧಾನ ಕಚೇರಿ ಬೆಂಗಳೂರಿನಲ್ಲಿದೆ. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್ ತನ್ನ ಪ್ರಧಾನ ಕಚೇರಿಯನ್ನು 1969ರಲ್ಲಿ ಬೆಂಗಳೂರಿಗೆ ಒಯ್ದಿತು. 2019ರಲ್ಲಿ ಬ್ಯಾಂಕ್ ಆಫ್ ಬರೋಡಾದೊಳಗೆ ಲೀನವಾಯಿತು. 2020ರಲ್ಲಿ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ ಕರಗಿತು. ಶಾಖೆಗಳು ಊರಿನಲ್ಲಿವೆ, ತೀರ್ಮಾನಗಳು ಊರಿನಲ್ಲಿಲ್ಲ. ಕಂಪೆನಿಗಳ ಆದಾಯ ತೆರಿಗೆಯೂ ಹಾಗೆಯೇ. ನಾಡಿನ ಮೂಲೆ ಮೂಲೆಗಳಲ್ಲಿ ಸರಕು ಮಾರಿದ ಕಂಪೆನಿಯ ತೆರಿಗೆ ಅದರ ಪ್ರಧಾನ ಕಚೇರಿಯಿರುವ ನಗರದ ಹೆಸರಿನಲ್ಲಿ ಎಣಿಕೆಯಾಗುತ್ತದೆ. ಕಡಬದ ಗ್ರಾಹಕ ಕೊಟ್ಟ ಹಣ ರಾಜಧಾನಿಯ ಹೆಗ್ಗಳಿಕೆಯಾಗುವುದು ಹೀಗೆ.

ಇನ್ನು ನೀರು. ನಮ್ಮ ಕುಮಾರಧಾರೆಯನ್ನು ಸೇರುವ ಗುಂಡ್ಯ ಹೊಳೆಯ ಮೂಲದಲ್ಲಿ ಎತ್ತಿನಹೊಳೆಯಿದೆ. ಆ ಕಣಿವೆಯಿಂದ 24 ಟಿಎಂಸಿ ನೀರನ್ನು ಪೂರ್ವಕ್ಕೆ ತಿರುಗಿಸುವ ಯೋಜನೆಯ ಅಂದಾಜು 2012ರಲ್ಲಿ 8,323 ಕೋಟಿ ರೂಪಾಯಿ ಇತ್ತು. ಮುಂದೆ ಅದು 23 ಸಾವಿರ ಕೋಟಿಯನ್ನು ದಾಟಿತು. ಕರಾವಳಿಯ ಜನರು ಬೀದಿಗಿಳಿದು ಪ್ರತಿಭಟಿಸಿದರು. 2024ರ ಸೆಪ್ಟೆಂಬರ್‌ನಲ್ಲಿ ಮೊದಲ ಹಂತದ ಉದ್ಘಾಟನೆಯೂ ಆಯಿತು. ಕೋಲಾರ, ಚಿಕ್ಕಬಳ್ಳಾಪುರಗಳ ಬಾಯಾರಿಕೆ ನಿಜವಾದುದು. ಆ ಜನರ ಮೇಲೆ ನಮಗೆ ಸಿಟ್ಟಿಲ್ಲ. ಆದರೆ ಅವರಿಗೆ ರಾಜಧಾನಿ ಕೊಟ್ಟಿದ್ದೇನು? 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ಮೂಲಕ ಬೆಂಗಳೂರು ಬಳಸಿ ಬಿಟ್ಟ ನೀರನ್ನು ಎರಡು ಹಂತಗಳಲ್ಲಿ ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಹರಿಸಲಾಯಿತು. ಮೂರನೇ ಹಂತದ ಸಂಸ್ಕರಣೆಯನ್ನೂ ಮಾಡಿ ಎಂದು ಅಲ್ಲಿನ ರೈತರು ಅಂಗಲಾಚಬೇಕಾಯಿತು. ಕಾವೇರಿಯ ತಿಳಿನೀರು ನಗರಕ್ಕೆ, ನಗರದ ಕೊಳೆನೀರು ನೆರೆಯವನಿಗೆ. ಇದನ್ನು ಅಭಿವೃದ್ಧಿ ಎನ್ನುವುದಾದರೆ ಅನ್ಯಾಯವೆಂದರೇನು?

ನೆರೆಯವನ ನೆಲವೂ ಸುರಕ್ಷಿತವಾಗಿಲ್ಲ. ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆ ಕೃಷಿ ಭೂಮಿಯನ್ನು ಕೈಗಾರಿಕೆಗಾಗಿ ವಶಪಡಿಸಿಕೊಳ್ಳಲು ಸರಕಾರ ಹೊರಟಾಗ 13 ಹಳ್ಳಿಗಳ ರೈತರು ಮೂರು ವರ್ಷಕ್ಕೂ ಮಿಕ್ಕಿ ಧರಣಿ ಕೂತರು. 2025ರ ಜುಲೈಯಲ್ಲಿ ಸರಕಾರ ಹಿಂದೆ ಸರಿಯಿತು. ಬೆಂಗಳೂರಿಗೆ ತರಕಾರಿ, ಹಾಲು, ರೇಷ್ಮೆ ಕೊಡುವ ರೈತ ತನ್ನ ಹೊಲದಲ್ಲಿ ಉಳಿಯಲು ಮೂರು ವರ್ಷ ಚಳಿ-ಬಿಸಿಲಲ್ಲಿ ಕೂರಬೇಕಾಯಿತೆಂದರೆ, ಯಾರನ್ನು ಯಾರು ಸಾಕುತ್ತಿದ್ದಾರೆ?

ನಗರದೊಳಗೆ ದುಡಿಯುವವನ ಸ್ಥಿತಿಯೇನು ಮೇಲೇ? 2016ರ ಎಪ್ರಿಲ್‌ನಲ್ಲಿ ಗಾರ್ಮೆಂಟ್ಸ್‌ನ ಸಾವಿರಾರು ಹೆಣ್ಣುಮಕ್ಕಳು ತಮ್ಮದೇ ಭವಿಷ್ಯನಿಧಿಯ ಹಣಕ್ಕಾಗಿ ಬೆಂಗಳೂರಿನ ರಸ್ತೆಗಳಿಗೆ ಇಳಿಯಬೇಕಾಯಿತು. 2020ರ ಮೇ ತಿಂಗಳಲ್ಲಿ, ಲಾಕ್‌ಡೌನ್ ನಡುವೆ, ಬಿಲ್ಡರ್‌ಗಳ ಜೊತೆ ಮಾತುಕತೆ ನಡೆಸಿದ ಅಂದಿನ ರಾಜ್ಯ ಸರಕಾರ ವಲಸೆ ಕಾರ್ಮಿಕರು ಊರಿಗೆ ಮರಳುವ ರೈಲುಗಳನ್ನೇ ರದ್ದುಪಡಿಸಲು ಮುಂದಾಯಿತು. ದೇಶವೇ ಛೀಮಾರಿ ಹಾಕಿದ ಬಳಿಕ ನಿರ್ಧಾರ ಬದಲಿಸಿತು. ಬೇಕಾದಾಗ ಕರೆಯುವ, ಬೇಡವಾದಾಗ ಹೊರಗಟ್ಟುವ, ಹೊರಟರೆ ಬಾಗಿಲು ಹಾಕುವ ಯಜಮಾನನನ್ನು ಅನ್ನದಾತ ಎನ್ನಲು ನಮಗೆ ಮನಸ್ಸು ಬರುವುದಿಲ್ಲ.

ಇಲ್ಲೊಂದು ಆಕ್ಷೇಪ ಏಳಬಹುದು. ತಲಾ ಆದಾಯದಲ್ಲಿ ಬೆಂಗಳೂರಿನ ನಂತರದ ಸ್ಥಾನ ದಕ್ಷಿಣ ಕನ್ನಡದ್ದೇ. ಹಾಗಿರುವಾಗ ನಿಮಗೇಕೆ ದೂರು? ನಿಜ. ಆದರೆ ಆ ಸರಾಸರಿಯೊಳಗೆ ಪಣಂಬೂರಿನ ಬಂದರಿದೆ, ತೈಲ ಸಂಸ್ಕರಣಾಗಾರವಿದೆ, ಮಂಗಳೂರಿನ ಮೆಡಿಕಲ್ ಕಾಲೇಜುಗಳಿವೆ. ಹಳದಿ ಎಲೆ ರೋಗಕ್ಕೆ ತೋಟ ಕಳೆದುಕೊಂಡ ಸುಳ್ಯದ ಬೆಳೆಗಾರ ಅದರಲ್ಲಿ ಕಾಣಿಸುವುದಿಲ್ಲ. ಬೆಂಗಳೂರು ರಾಜ್ಯದ ಸರಾಸರಿಯಲ್ಲಿ ಕಲಬುರಗಿಯನ್ನು ಮರೆಮಾಚುವಂತೆ ಮಂಗಳೂರು ಜಿಲ್ಲೆಯ ಸರಾಸರಿಯಲ್ಲಿ ಕಡಬವನ್ನು ಮರೆಮಾಚುತ್ತದೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು ಜಿಲ್ಲೆಯ ಬದಲು ತಾಲೂಕನ್ನು ಅಳತೆಗೋಲಾಗಿಸಿದ್ದು ಇದೇ ಕಾರಣಕ್ಕೆ. 2002ರಲ್ಲಿ ಅದು 114 ತಾಲೂಕುಗಳನ್ನು ಹಿಂದುಳಿದವೆಂದು ಗುರುತಿಸಿ, ಎಂಟು ವರ್ಷಗಳಲ್ಲಿ 31 ಸಾವಿರ ಕೋಟಿ ರೂಪಾಯಿಯ ಯೋಜನೆಯನ್ನು ಸೂಚಿಸಿತು. ಕಡಬವು ಆಗ ತಾಲೂಕೇ ಆಗಿರಲಿಲ್ಲ. ಎರಡು ದಶಕ ಕಳೆದು 2024ರಲ್ಲಿ ಅದೇ ಅಸಮತೋಲನವನ್ನು ಅಳೆಯಲು ಪ್ರೊ. ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ಇನ್ನೊಂದು ಸಮಿತಿ ರಚಿಸಬೇಕಾಯಿತು. ರೋಗ ವಾಸಿಯಾಗಿದ್ದರೆ ಮತ್ತೊಬ್ಬ ವೈದ್ಯರೇಕೆ? ಇತ್ತ 2025ರಲ್ಲಿ ಗ್ರೇಟರ್ ಬೆಂಗಳೂರು ಹೆಸರಿನಲ್ಲಿ ನಗರಕ್ಕೆ ಐದು ಪಾಲಿಕೆಗಳಾದವು. ರಾಮನಗರ ಜಿಲ್ಲೆಯ ಹೆಸರೇ ಬೆಂಗಳೂರು ದಕ್ಷಿಣ ಎಂದಾಯಿತು. ಅಧಿಕಾರ ಹಂಚುವ ಬದಲು ರಾಜಧಾನಿಯ ಹೆಸರನ್ನು ಹಂಚುವುದು ವಿಕೇಂದ್ರೀಕರಣವೇ?

ಆಳುವವರನ್ನು ದೂರಿದರೆ ನಮ್ಮ ಹೊಣೆ ಮುಗಿಯುವುದಿಲ್ಲ. ನಾವೇನು ಮಾಡುತ್ತಿದ್ದೇವೆ? ಗಲ್ಫ್‌ನಲ್ಲಿ ಬೆವರು ಸುರಿಸಿ ತಂದ ಹಣದಿಂದ ಬೆಂಗಳೂರಿನ ಹೊರವಲಯದಲ್ಲೊಂದು ಸೈಟ್ ಖರೀದಿಸಿ, ಅದರ ಬೆಲೆ ಏರುವುದನ್ನು ಕಾಯುತ್ತೇವೆ. ಊರಿನಲ್ಲೇ ಅಂಗಡಿ ತೆರೆದ ಹುಡುಗನನ್ನು ಏನೂ ಆಗದವನೆಂದು ನೋಡುತ್ತೇವೆ. ಹೆಣ್ಣು ಕೊಡುವಾಗ ಮೊದಲು ಕೇಳುವುದೇ ‘ಹುಡುಗ ಬೆಂಗಳೂರಿನಲ್ಲಿದ್ದಾನೋ, ಗಲ್ಫ್‌ನಲ್ಲೋ’ ಎಂದು. 1973ರಲ್ಲಿ ಅಡಿಕೆ ಬೆಳೆಗಾರರು ಕೂಡಿ ಕ್ಯಾಂಪ್ಕೋ ಕಟ್ಟಿದಾಗ, 1986ರಲ್ಲಿ ಅದು ಪುತ್ತೂರಿನಲ್ಲೇ ಚಾಕೊಲೇಟ್ ಕಾರ್ಖಾನೆ ತೆರೆದಾಗ, ಯಾರೂ ರಾಜಧಾನಿಯ ಅಪ್ಪಣೆಗೆ ಕಾಯಲಿಲ್ಲ. ನಾಲ್ಕು ಮನೆಗಳ ಉಳಿತಾಯ ಒಂದೆಡೆ ಸೇರಿದರೆ ಒಂದು ಸಂಸ್ಕರಣಾ ಘಟಕವೋ ತರಬೇತಿ ಕೇಂದ್ರವೋ ನಮ್ಮ ಪಟ್ಟಣಗಳಲ್ಲೂ ಹುಟ್ಟಬಲ್ಲದು.

ಬೆಂಗಳೂರು ನಮ್ಮ ಶತ್ರುವಲ್ಲ. ಅದು ನಮ್ಮೆಲ್ಲರ ಬೆವರಿನಿಂದ ಕಟ್ಟಿದ ನಗರ. ಆದ್ದರಿಂದಲೇ ಅದರ ಮೇಲೆ ನಮಗೂ ಹಕ್ಕಿದೆ. ನಾವು ಕೇಳುತ್ತಿರುವುದು ಭಿಕ್ಷೆಯನ್ನಲ್ಲ. ತಾಲೂಕುವಾರು ಆದಾಯದ ಲೆಕ್ಕ ಪ್ರತಿವರ್ಷ ಪ್ರಕಟವಾಗಲಿ. ಊರಿನ ಠೇವಣಿಯಲ್ಲಿ ಎಷ್ಟು ಊರಿನಲ್ಲೇ ಸಾಲವಾಗಿ ಸಿಕ್ಕಿತೆಂದು ಪ್ರತಿ ಬ್ಯಾಂಕೂ ಜನರ ಮುಂದೆ ಹೇಳಲಿ. ಹೊಸ ಕೈಗಾರಿಕೆಗೆ ರಿಯಾಯಿತಿ ಕೊಡುವ ಮೊದಲು ‘ಇದು ಬೆಂಗಳೂರಿನಲ್ಲೇ ಏಕೆ?’ ಎಂಬ ಪ್ರಶ್ನೆಗೆ ಸರಕಾರ ಉತ್ತರಿಸಲಿ. ಕೋಡಿಂಬಾಳದ ಹಳಿಯ ಮೇಲೆ ರೈಲು ಇಂದಿಗೂ ಎರಡೂ ದಿಕ್ಕಿಗೆ ಓಡುತ್ತದೆ. ಮಕ್ಕಳು ಮಾತ್ರ ಒಂದೇ ದಿಕ್ಕಿಗೆ ಹೋಗುತ್ತಿದ್ದಾರೆ. ಆ ಮಕ್ಕಳಿಗೆ ಮರಳಿ ಬರುವ ಕಾರಣವೊಂದನ್ನು ಒದಗಿಸದ ಆರ್ಥಿಕತೆಯನ್ನು ನಾವು ಅಭಿವೃದ್ಧಿ ಎಂದು ಒಪ್ಪಿಕೊಳ್ಳಬೇಕೇ?