ಸುಮ್ಮನಿದ್ದರೆ ಒಪ್ಪಿಗೆಯೇ?

ಅಕ್ಕನ ಜಯಂತಿಗೆಂದು ಯಾದಗಿರಿ, ಶಹಾಪುರ, ಸುರಪುರದ ಕಾಲೇಜುಗಳಿಗೆ ಹೋದಾಗ ಹುಡುಗರನ್ನು ಕೇಳುತ್ತೇನೆ: ಹುಡುಗಿ ಕೂಗಲಿಲ್ಲ ಎಂದರೆ ಒಪ್ಪಿದಳೆಂದೇ? ಹಲವರು ಹೌದೆನ್ನುತ್ತಾರೆ. ಅವರನ್ನಷ್ಟೇ ಏಕೆ ಬೈಯಲಿ? 2020ರಲ್ಲಿ ನಮ್ಮ ಹೈಕೋರ್ಟೇ ಒಂದು ಜಾಮೀನು ಆದೇಶದಲ್ಲಿ, ಅತ್ಯಾಚಾರದ ಬಳಿಕ ನಿದ್ದೆ ಹೋಗುವುದು ಭಾರತೀಯ ಹೆಣ್ಣಿಗೆ ತಕ್ಕುದಲ್ಲ ಎಂದಿತ್ತು. ಆಮೇಲೆ ಆ ಮಾತು ತೆಗೆಯಿತು. ಮೈಯೊಡ್ಡಿ ತಡೆಯಲಿಲ್ಲ ಎಂದ ಮಾತ್ರಕ್ಕೆ ಒಪ್ಪಿಗೆಯಲ್ಲ ಎಂದು ಕಾನೂನು 2013ರಲ್ಲೇ ಬರೆದಿದೆ. ಇಂದಿನ ನ್ಯಾಯ ಸಂಹಿತೆಯ 63ನೇ ಕಲಮೂ ಅದನ್ನೇ ಹೇಳುತ್ತದೆ.

ಒಲ್ಲೆನೆಂದು ಕೌಶಿಕನ ಅರಮನೆ ಬಿಟ್ಟು ನಡೆದ ಅಕ್ಕನನ್ನು ಪೂಜಿಸುವ ನಾವೇ, ದೂರು ತಂದ ಮಗಳಿಗೆ ‘ಮನೆತನದ ಮಾನ ನೋಡವ್ವ’ ಎನ್ನುತ್ತೇವೆ. ಇದು ಕೌಶಿಕನ ಪಕ್ಷವಲ್ಲವೇ? ಶರಣರೇ, ಮಠದ ಕಾಲೇಜುಗಳಲ್ಲಿ ದೂರು ಸಮಿತಿಯವರ ಹೆಸರು, ಫೋನ್ ನಂಬರ್ ಗೋಡೆಗೆ ಬರೆಸಿರಿ. ಬರುವ ಜಯಂತಿಗೆ ಮೊದಲೇ.