ಅಂಕಸಮುದ್ರದ ಜಾಲಿ

ಶಾಲೆಗೆ ಬಿಡುವು ದೊರೆತಾಗ ಮಕ್ಕಳನ್ನು ಜಾತ್ರೆಗೋ ಬಂಧುಗಳ ಮನೆಗೋ ಕರೆದೊಯ್ಯುವುದು ನಮ್ಮ ಕಡೆಯ ವಾಡಿಕೆ. ಕಳೆದ ಮಾಗಿಯಲ್ಲಿ ಮೊಮ್ಮಗಳು ಕೆರೆಯ ಹಕ್ಕಿಗಳನ್ನು ನೋಡಬೇಕೆಂದು ಹಟ ಹಿಡಿದಳು. ಕಟಕ ರೊಟ್ಟಿ, ಗುರೆಳ್ಳು ಚಟ್ನಿ, ಮೊಸರನ್ನದ ಬುತ್ತಿ ಕಟ್ಟಿಕೊಂಡು ಮನೆಮಂದಿಯೆಲ್ಲ ನಸುಕಿನಲ್ಲಿಯೇ ಹಚ್ಚೊಳ್ಳಿಯಿಂದ ಹೊರಟೆವು. ಸಿರುಗುಪ್ಪ, ಹೊಸಪೇಟೆಗಳನ್ನು ದಾಟಿ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರವನ್ನು ಸೇರುವಷ್ಟರಲ್ಲಿ ಬಿಸಿಲೇರಿತ್ತು.

ಹಿರಿಯರು ಕೆರೆಗಳಿಗೆ ‘ಸಮುದ್ರ’ವೆಂದು ಹೆಸರಿಟ್ಟುದು ಬರಿಯ ಅತಿಶಯೋಕ್ತಿಯಲ್ಲ. ಮಳೆ ಕಡಿಮೆಯಾದ ಸೀಮೆಯಲ್ಲಿ ಏರಿಯ ಹಿಂದೆ ನಿಂತ ನೀರೇ ಊರಿಗೆ ಸಮುದ್ರ. ಶತಮಾನಗಳ ಹಿಂದೆ ಬೇಸಾಯಕ್ಕೆಂದು ಕಟ್ಟಿದ ಈ ಕೆರೆ 244 ಎಕರೆಗಳಷ್ಟು ಹರಡಿದೆ. 2017ರಲ್ಲಿ ರಾಜ್ಯ ಸರ್ಕಾರವು ಇದನ್ನು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿತು. ಜೌಗುನೆಲಗಳ ರಕ್ಷಣೆಗಾಗಿ 1971ರಲ್ಲಿ ಇರಾನಿನ ರಾಮ್ಸರ್ ಪಟ್ಟಣದಲ್ಲಿ ಒಂದು ಅಂತರರಾಷ್ಟ್ರೀಯ ಒಪ್ಪಂದವಾಯಿತಷ್ಟೆ. ಅದರ ಪಟ್ಟಿಗೆ 2024ರಲ್ಲಿ ಅಂಕಸಮುದ್ರವು ಗದಗ ಜಿಲ್ಲೆಯ ಮಾಗಡಿ ಕೆರೆ ಹಾಗೂ ಉತ್ತರ ಕನ್ನಡದ ಅಘನಾಶಿನಿ ಅಳಿವೆಯೊಡನೆ ಸೇರಿತು. ಇಲ್ಲಿ ಗೂಡು ಕಟ್ಟುವ, ತಂಗುವ ನೀರುಹಕ್ಕಿಗಳು 30,000ಕ್ಕೂ ಹೆಚ್ಚೆಂದು ಲೆಕ್ಕ.

ಏರಿಯ ಮೇಲಿಂದ ಕಂಡ ನೋಟವನ್ನು ಹೇಗೆ ಬಣ್ಣಿಸಲಿ! ನೀರಿನ ನಡುವೆ ನಿಂತ ಕರಿಜಾಲಿ ಮರಗಳು ಹೂಬಿಟ್ಟಂತೆ ತೋರಿದವು. ಹತ್ತಿರ ಹೋದರೆ ಹೂವಲ್ಲ, ಬಣ್ಣದ ಕೊಕ್ಕರೆಗಳು. ಬಾಲದೆಡೆಯ ಗರಿಗಳಲ್ಲಿ ತಿಳಿಗೆಂಪು. ಕೊಕ್ಕನ್ನು ತುಸು ತೆರೆದು ನೀರಿನಲ್ಲಿ ಅತ್ತಿತ್ತ ಆಡಿಸುತ್ತ, ಮೀನು ತಾಗಿದೊಡನೆ ಹಿಡಿಯುವುದು ಅವುಗಳ ಕ್ರಮ. ತಲೆ ಕೊರಳು ಕಪ್ಪಾದ ಬಿಳಿ ಕೆಂಬರಲುಗಳು, ರೆಕ್ಕೆ ಹರಡಿ ಒಣಗಿಸಿಕೊಳ್ಳುವ ನೀರುಕಾಗೆಗಳು, ಶಂಬುಕವನ್ನೇ ಅರಸುವ ಬಾಯ್ಕಳಕ ಕೊಕ್ಕರೆಗಳು ಸುತ್ತಲೂ ಇದ್ದವು. ಕೆಳಗೆ ನೀರು, ಮೇಲೆ ಮುಳ್ಳು. ಶತ್ರುಗಳಿಗೆ ಗೂಡು ಸುಲಭವಾಗಿ ಎಟುಕದು. ಹಕ್ಕಿಯ ಹಿಕ್ಕೆ ನೀರಿಗೆ ಬಿದ್ದು ಗೊಬ್ಬರವಾಗುತ್ತದೆ.

ಆಗ ಮೊಮ್ಮಗಳು, “ಅಜ್ಜಾ, ನಮ್ಮ ಹೊಂಡದ ದಂಡೆಯ ಮರವೂ ಇದೇ ಅಲ್ಲವೆ?” ಎಂದಳು. ನಾನು ಉತ್ತರಿಸಲಿಲ್ಲ.

ನಮ್ಮ ಗದ್ದೆಯಂಚಿನ ಹೊಂಡದ ಬಳಿ ಏಳು ಕರಿಜಾಲಿಗಳಿದ್ದವು. ನೆರಳಿನಿಂದ ಬತ್ತ ಸೊರಗುವುದೆಂದು ಮಗ ಹೇಳಿದಾಗ ನಾನೇ ಕಡಿಯಲು ಒಪ್ಪಿಗೆ ಕೊಟ್ಟು ಮುಂಗಡ ಪಡೆದಿದ್ದೆ. ಎರಡು ಆಗಲೇ ನೆಲ ಸೇರಿದ್ದವು. ಜಾಲಿಯೆಂದರೆ ನನ್ನ ಮನಸ್ಸಿನಲ್ಲಿ ಬಳ್ಳಾರಿ ಜಾಲಿಯೂ ಕರಿಜಾಲಿಯೂ ಒಂದೇ ಕಸ. ನಮ್ಮ ಜಿಲ್ಲೆಯ ಹೆಸರು ಹೊತ್ತಿದ್ದರೂ ಬಳ್ಳಾರಿ ಜಾಲಿ ಅಮೆರಿಕ ಖಂಡದಿಂದ ಬಂದುದು. ಕರಿಜಾಲಿಯಾದರೋ ಕುರಿಗೆ ಕಾಯಿ, ನೇಗಿಲಿಗೆ ಕಟ್ಟಿಗೆ, ಹೊಲಕ್ಕೆ ಬೇಲಿ ಕೊಟ್ಟ ಈ ನೆಲದ ಮರ. ಪದಗಳ ನಿಷ್ಪತ್ತಿ ಹುಡುಕುತ್ತ ಆಯುಷ್ಯ ಸವೆಸಿದ ನಾನು ಮನೆಯಂಚಿನ ಎರಡು ಮರಗಳ ಭೇದವನ್ನು ವಿಚಾರಿಸಲಿಲ್ಲ.

ಬುತ್ತಿ ಬಿಚ್ಚಿದಾಗ ಈ ಮಾತನ್ನು ಮಗನ ಮುಂದಿಟ್ಟೆ. ಅವನು ಸುಮ್ಮನೆ ಒಪ್ಪಲಿಲ್ಲ. “ಹಕ್ಕಿ ಬತ್ತದ ಬೆಲೆ ಕೊಡುತ್ತದೆಯೆ?” ಎಂದ. ಆ ಪ್ರಶ್ನೆಯೂ ನ್ಯಾಯವಾದುದೇ, ದುಡಿಯುವವನು ಅವನು. ಕಡೆಗೆ, ಗದ್ದೆಗೆ ಬಾಗಿದ ಕೊಂಬೆಗಳನ್ನಷ್ಟೇ ಸವರುವುದೆಂದೂ, ಉಳಿದ ಐದು ಮರಗಳನ್ನು ಬಿಡುವುದೆಂದೂ ತೀರ್ಮಾನವಾಯಿತು. ಉಳಿದ ಮರಗಳ ಮುಂಗಡವನ್ನು ನಾನು ಹಿಂದಿರುಗಿಸಿದೆ. ನಮ್ಮ ಹೊಂಡಕ್ಕೆ ಕೊಕ್ಕರೆಗಳು ಬಂದಿಲ್ಲ, ಬಾರದೆಯೂ ಇರಬಹುದು. ಕಡಿದ ಎರಡು ಬೊಡ್ಡೆಗಳನ್ನು ಕಂಡಾಗಲೆಲ್ಲ ಮೊಮ್ಮಗಳ ಪ್ರಶ್ನೆ ನೆನಪಾಗುತ್ತದೆ.

ಓದುಗ ಬಂಧುಗಳು ಮಾಗಿಯಲ್ಲಿ ಒಂದು ದಿನ ಮಕ್ಕಳೊಡನೆ ಅಲ್ಲಿಗೆ ಹೋಗಿ ಬನ್ನಿ. ಹಕ್ಕಿ ಹಾರಲೆಂದು ಚಪ್ಪಾಳೆ ತಟ್ಟಬೇಡಿ. ತಾಯಿ ಎದ್ದರೆ ಮರಿಗೆ ಬಿಸಿಲು. ಬುತ್ತಿಯ ಹಾಳೆಯನ್ನು ಮರಳಿ ತನ್ನಿ. ಮನೆಗೆ ಬಂದ ಮೇಲೆ ನಿಮ್ಮ ಹೊಲದಂಚಿನ ಮರಗಳ ಹೆಸರನ್ನು ಮಕ್ಕಳಿಂದ ಒಮ್ಮೆ ಹೇಳಿಸಿ. ನಿಮಗೆ ಬಾರದಿದ್ದರೆ ಅವರೊಡನೆ ಕಲಿಯಿರಿ.